ಮಿಥುನ್‌ಗೆ ಸಲ್ಲಬೇಕಾದ ಪಾಲು

ಭಾರತದ 'ಮೃದು ಶಕ್ತಿ'ಯ ಮಾತೆತ್ತಿದರೆ ನಮ್ಮ ವಿಮರ್ಶಕರು ಒಂದೇ ಪಾಠ ಒಪ್ಪಿಸುತ್ತಾರೆ. 1954ರಲ್ಲಿ ರಾಜ್ ಕಪೂರ್‌ರ 'ಆವಾರಾ' ಸೋವಿಯತ್ ಒಕ್ಕೂಟವನ್ನು ಗೆದ್ದದ್ದು ನೆಹರೂ ಯುಗದ ಸಾಂಸ್ಕೃತಿಕ ರಾಯಭಾರ. ಮೂವತ್ತು ವರ್ಷಗಳ ನಂತರ ಅದೇ ಜನ 'ಡಿಸ್ಕೊ ಡಾನ್ಸರ್'ಗೆ ಮುಗಿಬಿದ್ದದ್ದು ಅಭಿರುಚಿಯ ಪತನ. ಈ ತೀರ್ಪು ತಪ್ಪು ಮಾತ್ರವಲ್ಲ, ಅನ್ಯಾಯವೂ ಹೌದು.

ರಾಯಭಾರ ಅಂದರೆ ಯಾರ ರಾಯಭಾರ? 1952ರಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಸಚಿವರಾದ ಮೇಲೆ ಆಕಾಶವಾಣಿಯಲ್ಲಿ ಚಿತ್ರಗೀತೆಗಳು ನಿಂತವು, ಕೇಳುಗರು ರೇಡಿಯೋ ಸಿಲೋನಿಗೆ ಹೋದರು. 'ಆವಾರಾ'ದ ಶಂಕರ್-ಜೈಕಿಶನ್ ಧಾಟಿಗಳನ್ನು ಮಾಸ್ಕೋ ಗುನುಗುತ್ತಿದ್ದ ಕಾಲದಲ್ಲಿ ನಮ್ಮದೇ ಬಾನುಲಿ ಅವುಗಳಿಗೆ ಬಾಗಿಲು ಹಾಕಿತ್ತು. ಚಿತ್ರರಂಗವೂ ಒಂದು ಉದ್ಯಮವೆಂದು ಸರ್ಕಾರ ಹೇಳಿದ್ದು 1998ರಲ್ಲಿ. ಸೋವಿಯತ್ ಚಿತ್ರ ವ್ಯಾಪಾರ ಸಂಸ್ಥೆ ಸೋವೆಕ್ಸ್‌ಪೋರ್ಟ್‌ಫಿಲ್ಮ್ ನಮ್ಮ ಚಿತ್ರಗಳನ್ನು ಮತ್ತೆ ಮತ್ತೆ ಕೊಂಡದ್ದು ಅಲ್ಲಿನ ಟಾಕೀಸುಗಳು ತುಂಬುತ್ತಿದ್ದವು ಎಂಬ ಕಾರಣಕ್ಕೆ. ಗೆಲುವು ಕಣ್ಣಿಗೆ ಬಿದ್ದ ಮೇಲೆ ರಾಜ್ಯ ಅದನ್ನು ತನ್ನದೆಂದು ಬರೆಸಿಕೊಂಡಿತು.

ರಾಜ್ ಕಪೂರ್ ದೊಡ್ಡ ನಿರ್ದೇಶಕ, ಒಪ್ಪುತ್ತೇನೆ. ನಟನಾಗಿ ಆತ ಚಾಪ್ಲಿನ್‌ನ ಸಾಲದಲ್ಲೇ ಬದುಕಿದ. ಮಿಥುನ್ ಚಕ್ರವರ್ತಿಯ ಮೈ ಮಾತ್ರ ಯಾರಿಂದಲೂ ಕಡ ತಂದದ್ದಲ್ಲ. 1976ರ 'ಮೃಗಯಾ'ದಲ್ಲಿ ಮೃಣಾಲ್ ಸೇನ್ ಆತನನ್ನು ಆದಿವಾಸಿ ಬೇಟೆಗಾರನನ್ನಾಗಿ ನಿಲ್ಲಿಸಿದರು. ಹೆಂಡತಿಯನ್ನು ಹೊತ್ತೊಯ್ದ ಸಾಹುಕಾರನನ್ನು ಕೊಂದು ಆತ ಗಲ್ಲಿಗೇರಿದಾಗ ವಿಮರ್ಶಕರು ತಲೆದೂಗಿದರು, ರಾಷ್ಟ್ರಪ್ರಶಸ್ತಿಯೂ ಬಂತು. ಆರು ವರ್ಷಗಳ ನಂತರ ಬಿ. ಸುಭಾಷ್ ಅವರ 'ಡಿಸ್ಕೊ ಡಾನ್ಸರ್'ನಲ್ಲಿ ಅದೇ ನಟ ಹೊಳೆಯುವ ಬಟ್ಟೆ ತೊಟ್ಟು, ಬಪ್ಪಿ ಲಾಹಿರಿ ತಾಳಕ್ಕೆ ಕುಣಿಯುತ್ತ ಇನ್ನೊಬ್ಬ ಸಿರಿವಂತನನ್ನು ಎದುರಿಸಿದಾಗ ಅವರೇ ಮೂಗು ಮುರಿದರು. ಬೇಟೆಗಾರನ ಸಿಟ್ಟು ಕಲೆಯಾಯಿತು, ಬೀದಿ ಹಾಡುಗಾರನ ಸಿಟ್ಟು ಕಸವಾಯಿತು.

'ಡಿಸ್ಕೊ ಡಾನ್ಸರ್' ಬರೆದವರು 'ಆಧಾ ಗಾಂವ್' ಕಾದಂಬರಿಕಾರ ರಾಹಿ ಮಾಸೂಮ್ ರಝಾ. ಗಿಟಾರ್ ಕದ್ದನೆಂದು ಶ್ರೀಮಂತನೊಬ್ಬ ಬಡ ಹುಡುಗನ ಮೇಲೆ ಆರೋಪ ಹೊರಿಸುತ್ತಾನೆ, ತಾಯಿ ಜೈಲು ಕಾಣುತ್ತಾಳೆ, ಕಳ್ಳರೆಂಬ ಹಂಗಿಸುವಿಕೆ ತಾಳಲಾರದೆ ಇಬ್ಬರೂ ಊರು ಬಿಡುತ್ತಾರೆ. ಕಳ್ಳನ ಮಗ ಕಳ್ಳನೇ ಎನ್ನುವ ನ್ಯಾಯಾಧೀಶನ ಸುತ್ತ ಕೆ.ಎ. ಅಬ್ಬಾಸ್ ಹೆಣೆದ 'ಆವಾರಾ'ಕ್ಕೂ ಇದಕ್ಕೂ ಕರುಳ ಸಂಬಂಧವಿದೆ. ಅವಮಾನಿತ ತಾಯಿ ಮತ್ತು ತಲೆಯೆತ್ತಿ ನಿಲ್ಲುವ ಮಗ, ಇದನ್ನೇ ಸೋವಿಯತ್ ಪ್ರೇಕ್ಷಕರು ಎರಡರಲ್ಲೂ ಗುರುತಿಸಿದರು. ಎರಡು ಚಿತ್ರಗಳನ್ನೂ ಅಲ್ಲಿ ಸುಮಾರು 6 ಕೋಟಿ ಜನ ನೋಡಿದರು. ಮೊದಲ ಸಲ ಅವರು ರಸಿಕರಾಗಿದ್ದರು, ಎರಡನೇ ಸಲ ಮೂಢರಾದರು ಎನ್ನಲು ಆಧಾರವೇನು?

ಈ ಮೇಲರಿಮೆ ನಮ್ಮ ನಡುವೆಯೂ ಇದೆ. ಬೆಂಗಳೂರಿನ ಫಿಲ್ಮ್ ಸೊಸೈಟಿಗಳಲ್ಲಿ ನಾವು ಐಸೆನ್‌ಸ್ಟೈನ್, ತಾರ್ಕೋವ್‌ಸ್ಕಿಯನ್ನು ಭಕ್ತಿಯಿಂದ ನೋಡುತ್ತಿದ್ದೆವು. ಅದೇ ಕಾಲದಲ್ಲಿ ಅವರ ನಾಡಿನ ಕಾರ್ಮಿಕರು, ನರ್ಸುಗಳು, ಶಾಲಾ ಮಕ್ಕಳು 'ಡಿಸ್ಕೊ ಡಾನ್ಸರ್'ನಲ್ಲಿ ಪಾರ್ವತಿ ಖಾನ್ ಹಾಡಿದ 'ಜಿಮ್ಮಿ'ಗೆ ಕುಣಿಯುತ್ತಿದ್ದರು. ಅವರ ಜನಪ್ರಿಯ ಅಭಿರುಚಿ ನಮಗೆ ಬೇಡವಾಗಿತ್ತು, ನಮ್ಮದಂತೂ ಮೊದಲೇ ಬೇಡ. ಮೆಜೆಸ್ಟಿಕ್ಕಿನ ಗಾಂಧಿ ಕ್ಲಾಸಿನವನ ಕಣ್ಣೀರನ್ನು ಅಗ್ಗವೆಂದು ಬಗೆದವರು, ಅದೇ ಕಣ್ಣೀರು ತಾಷ್ಕೆಂಟಿನಲ್ಲಿ ಹರಿದರೆ ದೇಶದ ಪ್ರಭಾವವೆಂದು ಭಾಷಣ ಮಾಡುತ್ತಾರೆ. ಪ್ರೇಕ್ಷಕನನ್ನು ಗೌರವಿಸದವರಿಗೆ ಆತನ ಪ್ರೀತಿಯನ್ನು ವಿದೇಶಾಂಗ ನೀತಿಯ ಖಾತೆಗೆ ಜಮಾ ಮಾಡುವ ಹಕ್ಕಿಲ್ಲ.

ಸಿನಿಮಾ ಪಾಠ ಹೇಳುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ ಇಷ್ಟೇ: 'ಆವಾರಾ' ತೋರಿಸಿದ ಮರುದಿನ ಅದೇ ತರಗತಿಯಲ್ಲಿ 'ಡಿಸ್ಕೊ ಡಾನ್ಸರ್' ತೋರಿಸಿ, ಪೂರ್ತಿ ತೋರಿಸಿ.