ಚಿತ್ರದುರ್ಗ ಸೀಮೆಯ ಕಟ್ಟಡಗಳೂ ಎಲಿವೇಷನ್ ನಕ್ಷೆಯ ಮಿತಿಯೂ

ಶಾಸನದ ಒಂದು ಅಕ್ಷರವು ಸಂದಿಗ್ಧವಾದರೆ ಸಂಪಾದಕನು ಅದನ್ನು ಕಂಸದಲ್ಲಿಟ್ಟು ವಾಚಕರಿಗೆ ತಿಳಿಯಪಡಿಸುತ್ತಾನೆ. ಬಿ. ಎಲ್. ರೈಸರ ‘ಎಪಿಗ್ರಾಫಿಯ ಕರ್ನಾಟಿಕ’ದ ಕಾಲದಿಂದಲೂ ಪಾಠಸಂಪಾದನೆಯ ಶಿಸ್ತು ನಮ್ಮಲ್ಲಿ ಬೇರೂರಿದೆ, ಆ ಮಾಲೆಯ ಹನ್ನೊಂದನೆಯ ಸಂಪುಟವು ಚಿತ್ರದುರ್ಗ ಜಿಲ್ಲೆಯದೇ ಆಗಿದೆ. ಆದರೆ ಶಾಸನವು ನಿಂತಿರುವ ಕಟ್ಟಡದ ನಕ್ಷೆಯನ್ನು ಬರೆಯುವಾಗ ಈ ಎಚ್ಚರವು ಸಡಿಲವಾಗುತ್ತದೆ. ನಕ್ಷೆಯನ್ನು ಗ್ರಂಥದ ಅಲಂಕಾರವೆಂದೋ ಛಾಯಾಚಿತ್ರದ ಬದಲಿಯೆಂದೋ ಎಣಿಸುವುದು ವಾಡಿಕೆಯಾಗಿದೆ. ನಕ್ಷೆಯೂ ಒಂದು ಪಾಠವೆಂಬುದನ್ನೂ, ಅದಕ್ಕೂ ಓದುವ ಕ್ರಮವುಂಟೆಂಬುದನ್ನೂ ಈ ಸೀಮೆಯ ಕೆಲವು ಕಟ್ಟಡಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿಚಾರಿಸುತ್ತೇವೆ.

ಎಲಿವೇಷನ್ ಎಂದರೆ ಕಟ್ಟಡವು ಕಣ್ಣಿಗೆ ಕಾಣುವ ಬಗೆಯಲ್ಲ. ಕಣ್ಣಿನಲ್ಲಾಗಲಿ ಕ್ಯಾಮರದಲ್ಲಾಗಲಿ ಕಿರಣಗಳು ಒಂದು ಬಿಂದುವಿಗೆ ಬಂದು ಸೇರುತ್ತವೆ. ಆದುದರಿಂದ ಹತ್ತಿರದ್ದು ಹಿರಿದಾಗಿಯೂ ದೂರದ್ದು ಕಿರಿದಾಗಿಯೂ ತೋರುತ್ತದೆ. ಎಲಿವೇಷನ್ನಿನಲ್ಲಿಯಾದರೋ ಕಟ್ಟಡದ ಪ್ರತಿಯೊಂದು ಬಿಂದುವಿನಿಂದಲೂ ಸಮಾಂತರವಾದ ರೇಖೆಗಳನ್ನು ಎಳೆದು, ಒಂದು ಲಂಬ ಸಮತಲದ ಮೇಲೆ ಲಂಬಕೋನದಲ್ಲಿ ಬೀಳಿಸಲಾಗುತ್ತದೆ. ಈ ಪ್ರಕ್ಷೇಪಕ್ರಮಕ್ಕೆ ಫ್ರಾನ್ಸಿನ ಗಾಸ್ಪಾರ್ ಮಾಂಜನು ೧೮ನೆಯ ಶತಮಾನದ ಕೊನೆಯಲ್ಲಿ ಶಾಸ್ತ್ರರೂಪವನ್ನು ಕೊಟ್ಟನು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಥಮ ಕೋನದ ಪ್ರಕ್ಷೇಪವನ್ನು ಅಭ್ಯಾಸಮಾಡುತ್ತಾರೆ. ಅದರಲ್ಲಿ ವಸ್ತುವು ನೋಡುವವನಿಗೂ ಸಮತಲಕ್ಕೂ ನಡುವೆ ಇರುವುದರಿಂದ ಮೇಲಿನಿಂದ ಕಂಡ ನೋಟವು ಮುಂದಿನ ನೋಟದ ಕೆಳಗೆ ಬರುತ್ತದೆ. ಈ ನಿಯಮ ಬಲ್ಲವರು ಅನೇಕರು. ಆದರೆ ಸಮತಲವನ್ನು ಎಲ್ಲಿ ನಿಲ್ಲಿಸಬೇಕೆಂಬ ಪ್ರಶ್ನೆಯನ್ನು ಕೇಳುವವರು ವಿರಳ. ಅದು ಗಣಿತದ ಪ್ರಶ್ನೆಯಲ್ಲ, ವಿವೇಚನೆಯ ಪ್ರಶ್ನೆ.

ಎಲಿವೇಷನ್ನಿನ ಗುಣವನ್ನು ಮೊದಲು ಹೇಳುವುದು ನ್ಯಾಯ. ಹೊಳಲ್ಕೆರೆಯ ಬಯಲು ಗಣಪತಿಯನ್ನು ಹತ್ತಿರದಲ್ಲಿ ಕೆಳಗೆ ನಿಂತು ಛಾಯಾಚಿತ್ರ ತೆಗೆದರೆ ಕ್ಯಾಮರಕ್ಕೆ ಸಮೀಪದ ಕಾಲು ಹೊಟ್ಟೆಗಳು ದೊಡ್ಡವಾಗಿಯೂ ಶಿರಸ್ಸು ಸಣ್ಣದಾಗಿಯೂ ಮೂಡುತ್ತವೆ. ಇಂಥ ಚಿತ್ರದ ಮೇಲೆ ಅಳತೆಪಟ್ಟಿಯಿಟ್ಟು ಪ್ರತಿಮಾಲಕ್ಷಣದ ತಾಲಪ್ರಮಾಣವನ್ನು ಲೆಕ್ಕಹಾಕಿದರೆ ಫಲಿತಾಂಶವು ಶಿಲ್ಪಿಯದಾಗದೆ ಕ್ಯಾಮರದ್ದಾಗುತ್ತದೆ. ಸಮಾಂತರ ರೇಖೆಗಳಿಂದ ಬರೆದ ನಕ್ಷೆಯಲ್ಲಿ ಈ ದೋಷವಿಲ್ಲ. ಎತ್ತರವು ಎಲ್ಲೆಡೆಯೂ ಒಂದೇ ಪ್ರಮಾಣದಲ್ಲಿ ಉಳಿಯುತ್ತದೆ.

ಆದರೆ ಅಗಲದ ವಿಷಯದಲ್ಲಿ ಹೀಗಿಲ್ಲ. ಸಮತಲಕ್ಕೆ ಸಮಾಂತರವಾಗಿರುವ ಮುಖ ಮಾತ್ರ ತನ್ನ ನಿಜವಾದ ಅಗಲದಲ್ಲಿ ಬೀಳುತ್ತದೆ. ೩೦ ಅಡಿಯ ಗೋಡೆಯೊಂದು ೪೫ ಡಿಗ್ರಿಗಳಷ್ಟು ತಿರುಗಿದ್ದರೆ ನಕ್ಷೆಯಲ್ಲಿ ಸುಮಾರು ೨೧ ಅಡಿಯಾಗುತ್ತದೆ. ೬೦ ಡಿಗ್ರಿ ತಿರುಗಿದ್ದರೆ ೧೫ ಅಡಿಯೇ. ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ನೋಡಿದವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಅಲ್ಲಿನ ಗೋಡೆಯು ಬಂಡೆಯನ್ನು ಅನುಸರಿಸಿ ಬಳುಕುತ್ತ, ಏರುತ್ತ ಇಳಿಯುತ್ತ ಸಾಗುತ್ತದೆ. ನಡುನಡುವೆ ಕೊತ್ತಲಗಳು ಉಬ್ಬಿ ನಿಲ್ಲುತ್ತವೆ. ೪೦ ಅಡಿ ವ್ಯಾಸದ ಅರ್ಧವೃತ್ತದ ಕೊತ್ತಲವೊಂದನ್ನು ಊಹಿಸಿಕೊಳ್ಳೋಣ. ಅದರ ಮೈಯನ್ನು ಸುತ್ತಿ ಅಳೆದರೆ ಸುಮಾರು ೬೩ ಅಡಿ. ಎಲಿವೇಷನ್ನಿನಲ್ಲಿ ೪೦ ಅಡಿ. ಉಳಿದ ೨೩ ಅಡಿಯಷ್ಟು ಕಲ್ಲುಕೆಲಸವು ಎರಡು ಅಂಚುಗಳ ಕಡೆಗೆ ಇರುಕಿಕೊಂಡು, ಕಲ್ಲುಗಳು ಕಡ್ಡಿಗಳಂತೆ ಕಾಣುತ್ತವೆ. ಇಂಥೆಡೆಯಲ್ಲಿ ಗೋಡೆಯನ್ನು ಚಾಪೆಯಂತೆ ಬಿಚ್ಚಿ ಹಾಸಿದ ಹರವಿನ ನಕ್ಷೆಯೇ ಯುಕ್ತ. ಅದು ಯಾವ ಕಣ್ಣಿಗೂ ಕಾಣದ ನೋಟವೆಂಬುದು ನಿಜ. ಆದರೆ ಪ್ರತಿ ಕಲ್ಲಿನ ಅಳತೆಯೂ ಅದರಲ್ಲಿ ನಿಲ್ಲುತ್ತದೆ. ಹೆಬ್ಬಾಗಿಲುಗಳಲ್ಲಿ ತೊಡಕು ಇನ್ನೂ ಹೆಚ್ಚು. ಶತ್ರುವಿನ ವೇಗವನ್ನು ಮುರಿಯಲೆಂದು ದಾರಿಯನ್ನು ತಿರುವಿ ಕಟ್ಟಿದ ಬಾಗಿಲಿನ ಮರ್ಮವು ಮುಂದಿನ ನೋಟದಲ್ಲಿ ಕಾಣುವುದೇ ಇಲ್ಲ, ಅದು ತಲವಿನ್ಯಾಸದಲ್ಲಿದೆ.

ಹೊಸದುರ್ಗ ತಾಲ್ಲೂಕಿನ ಹೆಗ್ಗೆರೆಯ ಪಾರ್ಶ್ವನಾಥ ಬಸದಿಯು ಹೊಯ್ಸಳರ ಕಾಲದ, ೧೨ನೆಯ ಶತಮಾನದ ಕಟ್ಟಡ. ಆ ಕಾಲದ ಗೋಡೆಗಳ ಜೀವಾಳವು ಅರೆಗಂಬಗಳ ಉಬ್ಬುತಗ್ಗುಗಳಲ್ಲಿದೆ. ಬರಿಯ ಗೆರೆಯ ಎಲಿವೇಷನ್ನಿನಲ್ಲಿ ಆಳವು ಅಳಿದುಹೋಗುತ್ತದೆ; ಒಂದಂಗುಲದ ಉಬ್ಬಿಗೂ ಒಂದಡಿಯ ಉಬ್ಬಿಗೂ ಒಂದೇ ಗೆರೆ. ಇದಕ್ಕೆ ನಕ್ಷೆಗಾರರು ಹಿಂದೆಯೇ ಕಂಡುಕೊಂಡ ಪರಿಹಾರವುಂಟು. ಬೆಳಕು ಎಡಗಡೆಯ ಮೇಲಿನಿಂದ, ತಲವಿನ್ಯಾಸದಲ್ಲಿಯೂ ಎಲಿವೇಷನ್ನಿನಲ್ಲಿಯೂ ೪೫ ಡಿಗ್ರಿಯಾಗಿ ಬೀಳುವುದೆಂದು ಭಾವಿಸಿ ನೆರಳನ್ನು ತುಂಬಿದರೆ, ನೆರಳಿನ ಅಗಲವು ಉಬ್ಬಿನ ಆಳಕ್ಕೆ ಸಮನಾಗುತ್ತದೆ. ಆಗ ನೆರಳು ಅಲಂಕಾರವಲ್ಲ, ಅಳತೆ. ಕಣ್ಣಳತೆಯಲ್ಲಿ ನೆರಳು ಬಳಿದ ನಕ್ಷೆಯು ಅಂದವಾಗಿ ಕಂಡರೂ ಸುಳ್ಳು ಹೇಳುತ್ತದೆ.

ಹಿರಿಯೂರಿನ ತೇರುಮಲ್ಲೇಶ್ವರ ದೇವಾಲಯದ ಛಾವಣಿಯ ಚಿತ್ರಗಳು ಬೇರೊಂದು ಸಮಸ್ಯೆಯನ್ನು ತಂದೊಡ್ಡುತ್ತವೆ. ಛಾವಣಿಯನ್ನು ನೆಲದ ಮೇಲಿಟ್ಟ ಕನ್ನಡಿಯಲ್ಲಿ ಕಂಡಂತೆ ಬರೆಯುವುದು ವಾಸ್ತುನಕ್ಷೆಯ ಪದ್ಧತಿ. ಹೀಗೆ ಬರೆದರೆ ದಿಕ್ಕುಗಳು ತಲವಿನ್ಯಾಸಕ್ಕೆ ಹೊಂದಿಕೊಳ್ಳುತ್ತವೆ. ಉತ್ತರವು ಮೇಲಿದ್ದರೆ ಪೂರ್ವವು ಬಲಕ್ಕೇ ಇರುತ್ತದೆ. ಆದರೆ ಚಿತ್ರದೊಳಗಿನ ದೇವತೆಯ ಬಲಗೈಯ ಆಯುಧವು ಎಡಗೈಗೆ ಹೋಗುತ್ತದೆ! ತಲೆಯೆತ್ತಿ ಕಂಡಂತೆ ಬರೆದರೆ ಕೈಗಳು ಸರಿಯಾಗುತ್ತವೆ, ಪೂರ್ವವು ಎಡಕ್ಕೆ ಸರಿಯುತ್ತದೆ. ಕಥಾಭಾಗಗಳ ಸ್ಥಾನವನ್ನು ಹುಡುಕುವವನಿಗೆ ಮೊದಲನೆಯ ಕ್ರಮವೂ ಪ್ರತಿಮಾಲಕ್ಷಣವನ್ನು ಓದುವವನಿಗೆ ಎರಡನೆಯದೂ ಬೇಕು. ಎರಡರಲ್ಲಿ ಯಾವುದೂ ತಪ್ಪಲ್ಲ. ಯಾವುದೆಂದು ಹೇಳದಿರುವುದೇ ತಪ್ಪು.

ಅದೇ ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ ೧೮೯೮ರಿಂದ ೧೯೦೭ರವರೆಗೆ ಕಟ್ಟಿದ ವಾಣಿವಿಲಾಸ ಸಾಗರದ ಅಣೆಕಟ್ಟೆಯನ್ನೂ ನೋಡಬಹುದು. ಅದರ ಎಲಿವೇಷನ್ನು ಎರಡು ಗುಡ್ಡಗಳ ನಡುವಣ ಗೋಡೆಯನ್ನಷ್ಟೆ ತೋರಿಸುತ್ತದೆ. ನೀರಿನ ಒತ್ತಡವನ್ನು ಆ ಗೋಡೆಯು ತನ್ನ ಭಾರದಿಂದಲೇ ತಡೆದು ನಿಲ್ಲುವುದು ಹೇಗೆಂಬುದು ತಿಳಿಯಬೇಕಾದರೆ, ತಳದಲ್ಲಿ ಅಗಲವಾಗಿ ಮೇಲೆ ಕಿರಿದಾಗುವ ಅದರ ಸೆಕ್ಷನ್ನನ್ನು ನೋಡಬೇಕು. ರೂಪವು ಒಂದು ಹಾಳೆಯಲ್ಲಿ, ಕಾರಣವು ಇನ್ನೊಂದು ಹಾಳೆಯಲ್ಲಿ.

ಲೇಸರ್ ಯಂತ್ರಗಳು ಕಟ್ಟಡದ ಅಸಂಖ್ಯಾತ ಬಿಂದುಗಳನ್ನು ಕ್ಷಣಮಾತ್ರದಲ್ಲಿ ಅಳೆಯುವ ಈ ದಿನಗಳಲ್ಲಿ ಇಂಥ ಚರ್ಚೆಯು ಅನಾವಶ್ಯಕವೆಂದು ಕೆಲವರು ಆಕ್ಷೇಪಿಸಬಹುದು. ಯಂತ್ರವು ಬಿಂದುಗಳನ್ನು ಕೊಡುತ್ತದೆ, ನಿಜ. ಸಮತಲವನ್ನು ಆರಿಸುವ ಹೊಣೆ ಮನುಷ್ಯನದಾಗಿಯೇ ಉಳಿಯುತ್ತದೆ. ಅಳತೆಯು ಸೂಕ್ಷ್ಮವಾದಷ್ಟೂ ತಪ್ಪಾದ ಆಯ್ಕೆಯು ಹೆಚ್ಚು ನಂಬಿಕೆಗೆ ಪಾತ್ರವಾಗುವ ಅಪಾಯವೂ ಉಂಟು.

ಆದುದರಿಂದ ಪ್ರತಿ ನಕ್ಷೆಯ ಮೇಲೂ ಸಮತಲದ ದಿಕ್ಕು, ಪ್ರಕ್ಷೇಪದ ಕ್ರಮ, ಪ್ರಮಾಣ ಇವು ಮೂರೂ ನಮೂದಾಗಿರಬೇಕು. ಅಳೆದ ಗೆರೆಯು ಅಖಂಡವಾಗಿಯೂ ಊಹಿಸಿದ ಗೆರೆಯು ಚುಕ್ಕೆಯಾಗಿಯೂ ಇರಬೇಕೆಂದು ನಾವು ಸೂಚಿಸುತ್ತೇವೆ. ಇದು ಬರಿಯ ವಿದ್ವತ್ತಿನ ಮಡಿಯಲ್ಲ. ಕುಸಿದ ಗೋಡೆಯನ್ನು ಮತ್ತೆ ಕಟ್ಟುವಾಗ ಕಲ್ಲುಕುಟಿಗನ ಕೈಯಲ್ಲಿರುವುದು ಈ ಹಾಳೆಯೇ. ಕಾಗದದ ಮೇಲೆ ಊಹೆಯಾಗಿದ್ದುದು ಆಗ ಕಲ್ಲಾಗಿ ನಿಲ್ಲುತ್ತದೆ. ಮುಂದಿನ ತಲೆಮಾರಿನ ವಿದ್ಯಾರ್ಥಿಯು ಅದನ್ನೇ ಪಾಳೆಯಗಾರರ ಕಾಲದ ಗೋಡೆಯೆಂದು ಅಳೆಯುತ್ತಾನೆ.