ಹ್ಯಾಮ್ಲೆಟ್ಟನ ಕ್ಷಮಾಯಾಚನೆಯೂ ಲೋಕದ ಸಂಶಯವೂ

‘ಹ್ಯಾಮ್ಲೆಟ್’ ನಾಟಕದ ಐದನೆಯ ಅಂಕದಲ್ಲಿ, ಕತ್ತಿವರಸೆಯ ಪಂದ್ಯಕ್ಕೆ ಮುಂಚೆ, ರಾಜಕುಮಾರನು ಲೇಯರ್ಟೀಸನ ಕೈಹಿಡಿದು ಕ್ಷಮೆಯನ್ನು ಬೇಡುತ್ತಾನೆ. ಲೇಯರ್ಟೀಸನ ತಂದೆ ಪೊಲೋನಿಯಸನನ್ನು ಕೊಂದವನು ಇವನೇ. ಆದರೆ ಬೇಡುವ ರೀತಿ ವಿಚಿತ್ರವಾದುದು. ಅಪಕಾರವನ್ನು ಮಾಡಿದವನು ಹ್ಯಾಮ್ಲೆಟ್ಟನಲ್ಲ, ಅವನ ಉನ್ಮಾದ. ಆ ಉನ್ಮಾದವು ಹ್ಯಾಮ್ಲೆಟ್ಟನಿಗೂ ಶತ್ರುವಾದುದರಿಂದ ಅವನೂ ಪೀಡಿತರ ಪಕ್ಷಕ್ಕೇ ಸೇರಿದವನು. ಇದು ಅವನ ವಾದದ ಸಾರ. ಕೊಲೆಯ ಮೊಕದ್ದಮೆಗಳಲ್ಲಿ ಆಪಾದಿತನ ಪರವಾಗಿ ವಕೀಲರು ಹೂಡುವ ಚಿತ್ತಭ್ರಂಶದ ವಾದವನ್ನು ಇದಕ್ಕಿಂತ ಅಡಕವಾಗಿ ಹೇಳಿದವರು ವಿರಳ. ಆದರೂ ನಾಟಕವನ್ನು ಓದಿದವರಿಗೆ ಇದನ್ನು ನಂಬುವುದು ಕಷ್ಟವಾಗುತ್ತದೆ.

ಡಾಕ್ಟರ್ ಜಾನ್ಸನ್ನನಂತೂ ನಂಬಲೇ ಇಲ್ಲ. 1765ರಲ್ಲಿ ಹೊರಬಂದ ತನ್ನ ಆವೃತ್ತಿಯ ಟಿಪ್ಪಣಿಯಲ್ಲಿ, ಹ್ಯಾಮ್ಲೆಟ್ಟನು ಬೇರೆ ಯಾವುದಾದರೂ ಸಮಾಧಾನವನ್ನು ಹೇಳಿದ್ದರೆ ಚೆನ್ನಾಗಿತ್ತೆಂದೂ, ಸುಳ್ಳಿನ ಮರೆಹೊಗುವುದು ಸಜ್ಜನನಿಗಾಗಲಿ ಶೂರನಿಗಾಗಲಿ ಒಪ್ಪತಕ್ಕದ್ದಲ್ಲವೆಂದೂ ಅವನು ಬರೆದನು. ಜಾನ್ಸನ್ನನ ಪಕ್ಷಕ್ಕೆ ಸಾಕ್ಷ್ಯವೇನೋ ಬಲವಾಗಿದೆ. ತಾನು ವಿಪರೀತ ನಡತೆಯ ವೇಷವನ್ನು ಹಾಕಿಕೊಳ್ಳುವೆನೆಂದು ಹ್ಯಾಮ್ಲೆಟ್ಟನು ಮೊದಲನೆಯ ಅಂಕದಲ್ಲಿಯೇ ಗೆಳೆಯರಿಗೆ ಸೂಚನೆ ಕೊಟ್ಟಿದ್ದಾನೆ. ಅದಕ್ಕಿಂತಲೂ ಹಾನಿಕರವಾದುದು ಮೂರನೆಯ ಅಂಕದಲ್ಲಿದೆ. ಪೊಲೋನಿಯಸನ ಹೆಣವು ಇನ್ನೂ ಅಲ್ಲಿಯೇ ಬಿದ್ದಿರುವಾಗ, ತಾನು ಆಡುತ್ತಿರುವುದು ಹುಚ್ಚಲ್ಲವೆಂದೂ, ಪರೀಕ್ಷಿಸಿದರೆ ಆಡಿದ ಮಾತನ್ನು ಹಾಗೆಯೇ ತಿರುಗಿ ಹೇಳಬಲ್ಲೆನೆಂದೂ ಅವನು ತಾಯಿಗೆ ಹೇಳುತ್ತಾನೆ. ತನ್ನದು ಕಪಟದ ಹುಚ್ಚೇ ಹೊರತು ನಿಜವಾದುದಲ್ಲವೆಂದೂ ಸೇರಿಸುತ್ತಾನೆ. ಕೃತ್ಯದ ಹೊತ್ತಿನಲ್ಲಿ ಸ್ವಸ್ಥಚಿತ್ತನೆಂದು ತಾನೇ ಪ್ರಮಾಣ ಕೊಟ್ಟವನು ಆಮೇಲೆ ಅಸ್ವಸ್ಥನಾಗಿದ್ದೆನೆಂದರೆ ಯಾವ ನ್ಯಾಯಾಧೀಶನು ಕಿವಿಗೊಟ್ಟಾನು?

ಆದರೆ ವಿಚಾರಣೀಯವಾದ ಅಂಶವೊಂದಿದೆ. ಪ್ರೇಕ್ಷಕನಿಗೆ ದೊರೆತ ಈ ಸಾಕ್ಷ್ಯವು ಲೋಕದ ಯಾವ ಜೂರಿಗೂ ದೊರೆಯತಕ್ಕದ್ದಲ್ಲ. ಆಪಾದಿತನು ಏಕಾಂತದಲ್ಲಿ ಮಾಡಿದ ಸಂಕಲ್ಪವನ್ನು ಕೇಳಿದವರು ನಾಟಕಶಾಲೆಯಲ್ಲಿ ಮಾತ್ರ ಇರುತ್ತಾರೆ. ಹೀಗಿದ್ದರೂ ಜನರು ನಾಟಕಶಾಲೆಯ ಸಂಶಯವನ್ನೇ ನ್ಯಾಯಸ್ಥಾನಕ್ಕೂ ಹೊತ್ತುಕೊಂಡು ಹೋಗುತ್ತಾರೆ; ಕಟಕಟೆಯಲ್ಲಿ ನಿಂತ ಹುಚ್ಚನೆಲ್ಲ ಅವರ ಕಣ್ಣಿಗೆ ಹ್ಯಾಮ್ಲೆಟ್ಟನೇ.

1843ರ ಜನವರಿಯಲ್ಲಿ ಡೇನಿಯಲ್ ಮ್ಯಾಕ್‌ನಾಟನ್ ಎಂಬ ಮರಗೆಲಸದವನು ಲಂಡನ್ನಿನಲ್ಲಿ ಪ್ರಧಾನಮಂತ್ರಿ ಪೀಲನ ಕಾರ್ಯದರ್ಶಿ ಡ್ರಮಂಡನನ್ನು ಗುಂಡಿಕ್ಕಿ ಕೊಂದನು. ಟೋರಿ ಪಕ್ಷದವರು ಊರೂರಿಗೂ ಬೆನ್ನಟ್ಟಿ ತನ್ನನ್ನು ಹಿಂಸಿಸುತ್ತಿದ್ದರೆಂಬುದು ಅವನ ಭ್ರಾಂತಿ. ಸಾಕ್ಷಿ ನುಡಿದ ವೈದ್ಯರೆಲ್ಲರೂ ಅವನನ್ನು ಉನ್ಮತ್ತನೆಂದರು. ಸರ್ಕಾರದ ಕಡೆಯಿಂದ ಅದಕ್ಕೆದುರಾಗಿ ಒಬ್ಬ ವೈದ್ಯನೂ ಬರಲಿಲ್ಲ. ಜೂರಿಯವರು ನಿರ್ದೋಷಿಯೆಂದರು. ಊರೆಲ್ಲ ಕೊಲೆಗಾರನು ತಪ್ಪಿಸಿಕೊಂಡನೆಂದು ಕೂಗಿತು. ರಾಣಿ ವಿಕ್ಟೋರಿಯಳೂ ಅಸಮಾಧಾನಪಟ್ಟಳು. ಅವನು ತಪ್ಪಿಸಿಕೊಂಡದ್ದಾದರೂ ಎಲ್ಲಿಗೆ? ಬೆತ್ಲೆಮ್ ಹುಚ್ಚಾಸ್ಪತ್ರೆಗೆ, ಅಲ್ಲಿಂದ 1864ರಲ್ಲಿ ಬ್ರಾಡ್‌ಮೂರಿಗೆ. ಮರುವರ್ಷ ಅಲ್ಲಿಯೇ ಸತ್ತನು. 1882ರಲ್ಲಿ ರಾಣಿಯ ಮೇಲೆಯೇ ಗುಂಡು ಹಾರಿಸಿದ ಇನ್ನೊಬ್ಬ ಉನ್ಮತ್ತನಿಗೂ ನಿರ್ದೋಷಿಯೆಂಬ ತೀರ್ಪೇ ಬರಲಾಗಿ, ಮರುವರ್ಷ ಶಾಸನವನ್ನೇ ತಿದ್ದಿ ‘ದೋಷಿ, ಆದರೆ ಉನ್ಮತ್ತ’ ಎಂದು ಬರೆಯುವಂತೆ ವಿಧಿಸಿದರು. ಆಪಾದಿತನು ಸೇರುವ ಸ್ಥಳವು ಮೊದಲಿನದೇ; ಜನಕ್ಕೆ ಬೇಕಾಗಿದ್ದುದು ‘ದೋಷಿ’ ಎಂಬ ಶಬ್ದ. 1964ರಲ್ಲಿ ಅದನ್ನು ಮತ್ತೆ ತೆಗೆದುಹಾಕಲಾಯಿತು. ವೈಯಾಕರಣರು ಅರ್ಧಮಾತ್ರೆಯ ಲಾಘವಕ್ಕೆ ಹಿಗ್ಗುವುದನ್ನು ನೋಡಿ ನಗುವವರು ಈ 81 ವರ್ಷಗಳ ಶಬ್ದಚರ್ಚೆಯನ್ನೂ ನೋಡಬೇಕು.

ಮ್ಯಾಕ್‌ನಾಟನ್ನನ ತೀರ್ಪಿನಿಂದ ಎದ್ದ ಕೂಗಿಗೆ ಉತ್ತರವಾಗಿ ನ್ಯಾಯಾಧೀಶರು ಪ್ರಭುಸಭೆಯಲ್ಲಿ ಒಂದು ಸೂತ್ರವನ್ನು ಹೇಳಿದರು. ತಾನು ಮಾಡುವ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅವನು ಅರಿಯದಿದ್ದನೇ ಎಂಬುದೇ ಪ್ರಶ್ನೆ. 1860ರ ಭಾರತ ದಂಡಸಂಹಿತೆಯ 84ನೆಯ ವಿಧಿಯೂ ಇದೇ ದಾರಿಯಲ್ಲಿ ನಡೆಯಿತು. 2024ರ ಜುಲೈಯಿಂದ ಜಾರಿಯಲ್ಲಿರುವ ನ್ಯಾಯಸಂಹಿತೆಯ 22ನೆಯ ವಿಧಿಯಲ್ಲಿಯೂ ಅದೇ ಉಳಿದಿದೆ. ಇದನ್ನು ಚರಕಸಂಹಿತೆಯ ಲಕ್ಷಣದ ಪಕ್ಕದಲ್ಲಿ ಇಟ್ಟು ನೋಡಬೇಕು. ಮನಸ್ಸು, ಬುದ್ಧಿ, ಸಂಜ್ಞಾಜ್ಞಾನ, ಸ್ಮೃತಿ, ಭಕ್ತಿ, ಶೀಲ, ಚೇಷ್ಟೆ, ಆಚಾರ ಈ ಎಂಟರ ವಿಭ್ರಮವೇ ಉನ್ಮಾದವೆಂದು ಚರಕನ ಮತ. ಭಕ್ತಿಯೆಂದರೆ ಇಲ್ಲಿ ಒಲವು, ಇಚ್ಛೆ. ದಂಡಶಾಸ್ತ್ರವು ಈ ಎಂಟರಲ್ಲಿ ಬುದ್ಧಿಯೊಂದನ್ನೇ ಕರೆದು ವಿಚಾರಿಸಿ, ಮಿಕ್ಕವನ್ನು ಬಾಗಿಲ ಹೊರಗೆ ನಿಲ್ಲಿಸುತ್ತದೆ. ದಂಡಕ್ಕೆ ಎಲ್ಲಿಯಾದರೊಂದು ಗಡಿ ಬೇಕೆಂಬುದು ದಿಟವೇ. ಆದರೆ ಇಷ್ಟು ಇಕ್ಕಟ್ಟಾದ ಬಾಗಿಲನ್ನು ಕಂಡೂ ಅದು ಹೆಬ್ಬಾಗಿಲೆಂದು ಜನರು ದೂರುವುದು ಆಶ್ಚರ್ಯ. ಅಮೆರಿಕದಲ್ಲಿ ಅಧ್ಯಕ್ಷ ರೇಗನ್ನನ ಮೇಲೆ ಗುಂಡು ಹಾರಿಸಿದವನಿಗೆ 1982ರಲ್ಲಿ ಇಂಥ ಬಿಡುಗಡೆಯಾದಾಗಲೂ ಇದೇ ಕೋಲಾಹಲವಾಯಿತು. ಅವನು 2016ರವರೆಗೆ ಆಸ್ಪತ್ರೆಗೆ ಒಳಪಟ್ಟಿದ್ದನು. ಆ ದೇಶದ ವಿದ್ವಾಂಸರು 1994ರಲ್ಲಿ ತೋರಿಸಿದಂತೆ, ದೊಡ್ಡ ಅಪರಾಧದ ಮೊಕದ್ದಮೆಗಳಲ್ಲಿ ನೂರಕ್ಕೆ 37ರಲ್ಲಿ ಈ ವಾದವನ್ನು ಹೂಡುತ್ತಾರೆಂದು ಜನರು ತಿಳಿದಿದ್ದರು. ನಿಜವಾಗಿ ಅದು ನೂರಕ್ಕೆ ಒಂದನ್ನೂ ಮುಟ್ಟುತ್ತಿರಲಿಲ್ಲ.

ಷೇಕ್ಸ್‌ಪಿಯರನು ಈ ಲೋಕಸ್ವಭಾವವನ್ನು ಬಲ್ಲವನು. ಅದೇ ಐದನೆಯ ಅಂಕದ ಆರಂಭದಲ್ಲಿ ಗೋರಿ ತೋಡುವವರಿಬ್ಬರು ಮಾತಾಡುತ್ತಾರೆ. ನೀರಿನಲ್ಲಿ ಮುಳುಗಿ ಸತ್ತ ಒಫೀಲಿಯಳಿಗೆ ಕ್ರೈಸ್ತ ವಿಧಿಯ ಸಮಾಧಿಯಾಗಬಹುದೆಂದು ಮರಣವಿಚಾರಣೆಯ ಅಧಿಕಾರಿ ತೀರ್ಮಾನಿಸಿದ್ದಾನೆ. ಅವಳ ಹುಚ್ಚನ್ನು ಪ್ರೇಕ್ಷಕರು ಕಣ್ಣಾರೆ ಕಂಡಿದ್ದಾರೆ, ಅದರಲ್ಲಿ ಕಪಟವಿಲ್ಲ. ಆದರೆ ಆ ಕೂಲಿಯವನ ಯೋಚನೆ ಬೇರೆ: ದೊಡ್ಡ ಮನೆಯ ಹೆಣ್ಣಾಗದಿದ್ದರೆ ಇವಳಿಗೆ ಈ ಸಮಾಧಿ ದೊರೆಯುತ್ತಿತ್ತೇ? ಚಿತ್ತಭ್ರಂಶದ ವಾದದ ಮೇಲಿರುವ ಅಪನಂಬಿಕೆಯಲ್ಲಿ ಅರ್ಧಪಾಲು ಹುಚ್ಚಿನ ಮೇಲಿನದಲ್ಲ, ಅಂತಸ್ತಿನ ಮೇಲಿನದು. ಈ ಮಾತಿಗೆ ಜಾನ್ಸನ್ನನ ಟಿಪ್ಪಣಿಗಿಂತ ಹೆಚ್ಚಿನ ತೂಕವನ್ನು ಕೊಡಬೇಕಾಗುತ್ತದೆ. ಏಕೆಂದರೆ ಒಳ್ಳೆಯ ವಕೀಲನನ್ನೂ ವೈದ್ಯನನ್ನೂ ಗೊತ್ತುಮಾಡಲಾರದ ಬಡ ಉನ್ಮತ್ತನು ಗೋರಿಯವನು ಶಂಕಿಸಿದ ಅನ್ಯಾಯಕ್ಕೆ ನಿಜವಾಗಿ ಗುರಿಯಾಗತಕ್ಕವನು.

ಕಪಟೋನ್ಮಾದವು ಸಂಸ್ಕೃತ ನಾಟಕಕ್ಕೆ ಹೊಸದಲ್ಲ. ಭಾಸನದೆನ್ನುವ ‘ಪ್ರತಿಜ್ಞಾಯೌಗಂಧರಾಯಣ’ದಲ್ಲಿ ಮಂತ್ರಿಯೇ ಹುಚ್ಚನ ವೇಷದಲ್ಲಿ ಉಜ್ಜಯಿನಿಯಲ್ಲಿ ತಿರುಗುತ್ತಾನೆ. ಅಲ್ಲಿ ಪ್ರೇಕ್ಷಕನು ಅವನ ಜಾಣ್ಮೆಗೆ ಮೆಚ್ಚಿ ನಗುತ್ತಾನೆ. ಯಾರ ಕ್ಷಮೆಯನ್ನೂ ಬೇಡುವ ಸಂದರ್ಭ ಬರುವುದಿಲ್ಲವಾದುದರಿಂದ ಸಂಶಯಕ್ಕೆ ಎಡೆಯಿಲ್ಲ.

ಹ್ಯಾಮ್ಲೆಟ್ಟನಿಗೆ ಲೇಯರ್ಟೀಸನು ಕೊಡುವ ಉತ್ತರವನ್ನು ವಿಮರ್ಶಕರು ಸಾಮಾನ್ಯವಾಗಿ ವಂಚನೆಯೆಂದು ತಳ್ಳಿಬಿಡುತ್ತಾರೆ; ವಿಷ ಹಚ್ಚಿದ ಕತ್ತಿಯ ಸಂಚು ಆಗಲೇ ಸಿದ್ಧವಾಗಿದೆಯಷ್ಟೆ. ಆದರೆ ಮಾತು ಮಾತ್ರ ಪೊಳ್ಳಲ್ಲ. ಮಗನಾಗಿ ತನ್ನ ಮನಸ್ಸು ಶಾಂತವಾಯಿತು, ಆದರೆ ಮಾನದ ವಿಷಯದಲ್ಲಿ ತಾನು ದೂರವೇ ನಿಲ್ಲುವೆನು. ಮರ್ಯಾದೆಯನ್ನು ಬಲ್ಲ ಹಿರಿಯರು ಪೂರ್ವದೃಷ್ಟಾಂತವನ್ನು ತೋರಿಸಿ, ಒಪ್ಪಿದರೆ ಹೆಸರಿಗೆ ಕುಂದಿಲ್ಲವೆಂದು ಹೇಳಲಿ ಎನ್ನುತ್ತಾನೆ. ಕನಿಕರವು ಒಳಗೊಳಗೇ ಒಪ್ಪಿಕೊಂಡುದನ್ನು ಬಹಿರಂಗದಲ್ಲಿ ಒಪ್ಪಲು ಜನಕ್ಕೆ ಇನ್ನೊಬ್ಬರ ಅಪ್ಪಣೆ ಬೇಕು. ಒಡನೆಯೇ ಕತ್ತಿಗಳನ್ನು ತರಿಸುತ್ತಾರೆ. ಲೇಯರ್ಟೀಸನು ಕೇಳಿದ ಆ ಹಿರಿಯರು ರಂಗದ ಮೇಲೆ ಬರುವುದೇ ಇಲ್ಲ.