ರಾಜೀನಾಮೆಗಿಂತ ದೊಡ್ಡದು ಬೂದಿಯ ಲೆಕ್ಕ

ಜೋಸೆಫ್ ರೋಟ್‌ಬ್ಲಾಟ್ ಹೆಸರೆತ್ತಿದರೆ ಎಲ್ಲರೂ ಹೇಳುವುದು ಒಂದೇ ಕತೆ: ಆತ್ಮಸಾಕ್ಷಿಗೆ ಅಂಜಿ ಮ್ಯಾನ್‌ಹಟನ್ ಅಣುಬಾಂಬು ಯೋಜನೆ ಬಿಟ್ಟು ಬಂದ ವಿಜ್ಞಾನಿ. ಕತೆ ಸುಳ್ಳಲ್ಲ. ಆದರೆ ಅದನ್ನೇ ಹೇಳಿ ಹೇಳಿ ಅವರ ಅಸಲು ಕೆಲಸವನ್ನು ಮರೆತಿದ್ದೇವೆ ಎಂಬುದು ನನ್ನ ತಕರಾರು.

1944ರ ಮಾರ್ಚ್, ಬಾಂಬು ತಯಾರಾಗುತ್ತಿದ್ದ ಲಾಸ್ ಅಲಾಮೋಸ್. ಬ್ರಿಟಿಷ್ ವಿಜ್ಞಾನಿ ಚಾಡ್ವಿಕ್ ಮನೆಯಲ್ಲಿ ರಾತ್ರಿಯೂಟ. ಈ ಬಾಂಬು ನಿಜಕ್ಕೂ ಸೋವಿಯತ್ತರನ್ನು ಬಗ್ಗಿಸಲಿಕ್ಕೆ ಎಂದು ಯೋಜನೆಯ ಮುಖ್ಯಸ್ಥ ಜನರಲ್ ಗ್ರೋವ್ಸ್ ಮಾತಿನ ನಡುವೆ ಅಂದರಂತೆ. ಹಿಟ್ಲರನಿಗಿಂತ ಮೊದಲು ಬಾಂಬು ಮಾಡಬೇಕೆಂದು ಬಂದಿದ್ದ ಪೋಲೆಂಡಿನ ಈ ಯಹೂದಿಗೆ ತುತ್ತು ಇಳಿದಿರಲಾರದು. ವರ್ಷದ ಕೊನೆಗೆ, ಜರ್ಮನ್ನರ ಬಳಿ ಬಾಂಬಿಲ್ಲ ಎಂದು ಖಚಿತವಾದ ಮೇಲೆ, ಹೊರಟುಬಿಟ್ಟರು. ಬೇಹುಗಾರನೆಂಬ ಗುಮಾನಿ ಬೆನ್ನು ಹತ್ತಿತು; ಕಾಗದಪತ್ರಗಳ ಪೆಟ್ಟಿಗೆ ರೈಲು ಪ್ರಯಾಣದಲ್ಲೇ ಮಾಯವಾಯಿತು. ಆದರೆ ಜೊತೆಗಿದ್ದವರಿಗೆ ಅವರು ಹೇಳಿದ ಕಾರಣ ಬೇರೆ: ವಾರ್ಸಾದಲ್ಲಿ ಸಿಕ್ಕಿಕೊಂಡಿದ್ದ ಹೆಂಡತಿ ತೋಲಾಳ ಚಿಂತೆ. ಆ ಚಿಂತೆಯೂ ನಿಜವೇ, ಅವಳು ಬದುಕುಳಿಯಲಿಲ್ಲ. ಊಟದ ಮೇಜಿನ ಆ ಮಾತನ್ನು ಅವರು ವಿವರವಾಗಿ ಬರೆದದ್ದು 1985ರಲ್ಲಿ. ಬಾಯಿ ಬಿಡದ ರಾಜೀನಾಮೆಯಿಂದ ಬಾಂಬು ಒಂದು ದಿನವೂ ತಡವಾಗಲಿಲ್ಲ.

ನನಗೆ ದೊಡ್ಡವರಾಗಿ ಕಾಣುವ ರೋಟ್‌ಬ್ಲಾಟ್ ಲಂಡನ್ನಿನ ಸೇಂಟ್ ಬಾರ್ಥಲೊಮ್ಯೂಸ್ ಆಸ್ಪತ್ರೆಯಲ್ಲಿ ವೈದ್ಯಕೀಯ ಭೌತವಿಜ್ಞಾನ ಕಲಿಸುತ್ತಿದ್ದ ಪ್ರೊಫೆಸರ್. 1954ರ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ 15 ಮೆಗಾಟನ್ ಬಾಂಬಿನ ಬಿಳಿ ಬೂದಿ ಜಪಾನಿನ ದೋಣಿಯೊಂದರ 23 ಮೀನುಗಾರರ ಮೇಲೆ ಉದುರಿತು. ಸೆಪ್ಟೆಂಬರಿನಲ್ಲಿ ಅವರಲ್ಲೊಬ್ಬ, ರೇಡಿಯೊ ಆಪರೇಟರ್ ಕುಬೊಯಾಮಾ, ಸತ್ತ. ಬೂದಿಯನ್ನು ಅಳೆದಿದ್ದ ಜಪಾನಿ ವಿಜ್ಞಾನಿ ನಿಶಿವಾಕಿ ತಮ್ಮ ಅಂಕಿಗಳನ್ನು ರೋಟ್‌ಬ್ಲಾಟ್ ಕೈಗಿಟ್ಟರು. ಹೈಡ್ರೋಜನ್ ಬೆಸೆದು ಸಿಡಿಯುವ ಬಾಂಬಾದರೆ ವಿದಳನದ ಕಸ ಇಷ್ಟೇಕೆ? ಲೆಕ್ಕ ಮುಗಿದಾಗ ಉತ್ತರ ಸಿಕ್ಕಿತು: ವಿದಳನ, ಸಮ್ಮಿಲನ, ಅದರ ಮೇಲೆ ಹೊರಗವಚದ ಯುರೇನಿಯಂನ ಮತ್ತೊಂದು ವಿದಳನ. ವಿಷದ ಬಹುಪಾಲು ಆ ಮೂರನೆಯ ಹಂತದ್ದು. ಗೋಪ್ಯ ಕಡತ ಮುಟ್ಟದೆ, ಬರಿಯ ಬೂದಿಯಿಂದ ಬಾಂಬಿನ ಹೊಟ್ಟೆಯೊಳಗಿನದನ್ನು ಓದಿದರು. 1955ರಲ್ಲಿ ಅಚ್ಚು ಹಾಕಿಸಿದರು. ಹತ್ತು ವರ್ಷ ಹಿಂದೆ ಬಾಯಿ ಕಟ್ಟಿಕೊಂಡಿದ್ದವರು ಈಗ ಬಿಚ್ಚಿದ್ದರು, ಅದೂ ಅಂಕಿಸಂಖ್ಯೆಯ ಸಮೇತ.

ಅದೇ ವರ್ಷದ ಜುಲೈನಲ್ಲಿ, ಅಣ್ವಸ್ತ್ರಗಳ ಅಪಾಯದ ಬಗ್ಗೆ ಎಚ್ಚರಿಸಿದ ರಸೆಲ್-ಐನ್‌ಸ್ಟೈನ್ ಪ್ರಣಾಳಿಕೆಯ ಪತ್ರಿಕಾಗೋಷ್ಠಿಗೆ ಅಧ್ಯಕ್ಷರು. 1957ರಲ್ಲಿ ಕೆನಡಾದ ಪಗ್‌ವಾಶ್ ಎಂಬ ಹಳ್ಳಿಯಲ್ಲಿ ಅಣ್ವಸ್ತ್ರಗಳ ಕುರಿತು 22 ಮಂದಿಯ ಮೊದಲ ಸಭೆ. ಮುಂದೆ 1973ರವರೆಗೆ ಆ ಸಭೆಯಿಂದ ಹುಟ್ಟಿ ಹಳ್ಳಿಯ ಹೆಸರನ್ನೇ ಹೊತ್ತ ಸಂಸ್ಥೆಯ ಮಹಾಕಾರ್ಯದರ್ಶಿ. ಪಗ್‌ವಾಶ್ ಬಗ್ಗೆ ನನಗೆ ಪೂರ್ತಿ ಮೆಚ್ಚುಗೆಯಿಲ್ಲ. ಬಾಗಿಲು ಹಾಕಿಕೊಂಡು ಮಾತಾಡಿದ್ದಕ್ಕೇ ಮಾಸ್ಕೋ, ವಾಷಿಂಗ್ಟನ್ ಎರಡೂ ಕಿವಿಗೊಟ್ಟವು, ಒಪ್ಪುತ್ತೇನೆ. ಆದರೆ ಬೂದಿಯ ಲೆಕ್ಕವನ್ನು ಜನರ ಮುಂದೆ ಸುರಿದವರು ಇಲ್ಲಿ ಮತ್ತೆ ಪಿಸುಮಾತಿಗೆ ಮರಳಿದರು. ಈ ಮಾತುಕತೆಗಳೂ ದಾರಿ ಮಾಡಿಕೊಟ್ಟ 1963ರ ಭಾಗಶಃ ಪರೀಕ್ಷಾ ನಿಷೇಧ ಒಪ್ಪಂದ ಅಣುಬಾಂಬು ಪರೀಕ್ಷೆಗಳನ್ನು ನೆಲದಡಿಗೆ ತಳ್ಳಿತು, ನಿಲ್ಲಿಸಲಿಲ್ಲ. ಬೂದಿ ಕಣ್ಣಿಗೆ ಬೀಳದಾದ ಮೇಲೆ ಜನರ ಸಿಟ್ಟೂ ಆರಿತು.

1995ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿಯನ್ನು ಪಗ್‌ವಾಶ್ ಜೊತೆ ಹಂಚಿಕೊಂಡಾಗ ಅವರಿಗೆ 87. ಮರುವರ್ಷ ವಿಶ್ವಸಂಸ್ಥೆ ಅಂಗೀಕರಿಸಿದ ಸಮಗ್ರ ಪರೀಕ್ಷಾ ನಿಷೇಧ ಒಪ್ಪಂದ 2005ರಲ್ಲಿ ಅವರು ತೀರಿಕೊಂಡಾಗಲೂ ಜಾರಿಯಾಗಿರಲಿಲ್ಲ. ಇವತ್ತಿಗೂ ಆಗಿಲ್ಲ, ಅದರ ಮೇಲೆ ಭಾರತದ ಸಹಿಯೂ ಇಲ್ಲ.